ಬ್ಯಾರಲ್ಲಿನ ಮೇಲೆ ಹಾಸಿದ ಬ್ಯಾನರು

ಏಳು ತಿಂಗಳ ಹಿಂದೆ ನಾವೇ ಕಟ್ಟಿದ್ದ ಬ್ಯಾನರು ಅದು. ಎನ್ನೆಸ್ಸೆಸ್ಸಿನ, ಅಂದರೆ ಕಾಲೇಜು ಮಕ್ಕಳ ರಾಷ್ಟ್ರೀಯ ಸೇವಾ ಯೋಜನೆಯ, ಏಳು ದಿನದ ವಿಶೇಷ ಶಿಬಿರ ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆಸಿದ್ದೆವು. ಕೆಳಗೆ ಅತಿಥಿಗಳ ಹೆಸರು, ಮೂಲೆಯಲ್ಲಿ ಯೋಜನೆಯ ಲಾಂಛನವಾದ ಕೋನಾರ್ಕದ ರಥದ ಗಾಲಿ. ಜುಲೈ ತಿಂಗಳ ಒಂದು ಸಂಜೆ, ಗೋವಾದ ವಾಸ್ಕೊ ಹತ್ತಿರದ ಗುಡ್ಡದ ಮೇಲಿನ ಕೂಲಿಕಾರರ ಬಸ್ತಿಯಲ್ಲಿ ಅದನ್ನು ಮತ್ತೆ ನೋಡಿದೆ. ಯಾರೋ ಅದನ್ನು ಒಂದು ನೀಲಿ ಬ್ಯಾರಲ್ಲಿನ ಬಾಯಿಗೆ ಹಾಸಿ ಸುತ್ತ ಹಗ್ಗ ಬಿಗಿದಿದ್ದರು. ನಡುವೆ ಜೋತುಬಿದ್ದ ಕಡೆ ಎರಡು ಬೊಗಸೆಯಷ್ಟು ಮಳೆನೀರು ನಿಂತಿತ್ತು. ಬಗ್ಗಿ ನೋಡಿದರೆ ಅತಿಥಿಗಳ ಹೆಸರಿನ ಮೇಲೆಲ್ಲ ಸೊಳ್ಳೆಯ ಮರಿಹುಳಗಳು ಕುಣಿಯುತ್ತಿದ್ದವು.

ಆ ಶಿಬಿರದ ವಿಷಯವೇ ಸೊಳ್ಳೆ ನಿಯಂತ್ರಣ.

ಗೋವಾದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಧಾರವಾಡ ಕಡೆಯವನು ನಾನು. ಎನ್ನೆಸ್ಸೆಸ್ ಘಟಕದ ಕಾರ್ಯಕ್ರಮ ಅಧಿಕಾರಿಯ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಕಾಲೇಜಿನ ಹೆಸರಾಗಲಿ ಬಸ್ತಿಯ ಹೆಸರಾಗಲಿ ಇಲ್ಲಿ ಬೇಡ. ಇಲ್ಲಿ ಬರುವ ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ. ಒಂದು ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಬರೆದಿಟ್ಟರೆ, ಇಂಥದೇ ಹೊಣೆ ಹೊತ್ತ ಬೇರೆ ಮಾಸ್ತರರಿಗೆ ಉಪಯೋಗವಾದೀತು ಅನ್ನಿಸಿತು.

ಊರು, ಗುಡ್ಡ, ನೀರು

ವಾಸ್ಕೊದಲ್ಲಿ ಇಳಿದವರಿಗೆ ಇದು ಪ್ರವಾಸಿಗರ ಗೋವಾ ಅಲ್ಲ ಅನ್ನುವುದು ರೈಲು ನಿಲ್ದಾಣದಲ್ಲೇ ತಿಳಿಯುತ್ತದೆ. ಬಂದರು, ಗೋದಾಮು, ಲಾರಿ, ಹುಬ್ಬಳ್ಳಿ ಕಡೆಯ ರೈಲಿನಿಂದ ಗಂಟುಮೂಟೆ ಸಮೇತ ಇಳಿಯುವ ಮಂದಿ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರು ಹೋದಮೇಲೆ ಬಂದರಿಗೆ, ಕಾರ್ಖಾನೆಗೆ, ಕಟ್ಟಡ ಕೆಲಸಕ್ಕೆ ಗದಗ, ಬಾಗಲಕೋಟೆ, ವಿಜಯಪುರ, ಕಲಬುರ್ಗಿ ಕಡೆಯ ಜನ ಬಂದು ನೆಲೆಸಿದರು. 2011ರ ಜನಗಣತಿಯ ಪ್ರಕಾರ ಗೋವಾದಲ್ಲಿ ನೂರಕ್ಕೆ ನಾಲ್ಕೈದು ಮಂದಿಯ ಮಾತೃಭಾಷೆ ಕನ್ನಡ. ಈ ಗುಡ್ಡಗಳಲ್ಲಿ ನಿಂತರೆ ಆ ಲೆಕ್ಕ ಯಾರೂ ನಂಬುವುದಿಲ್ಲ. ಇಲ್ಲಿ ಅಂಗಡಿಯ ಉದ್ರಿ ಪುಸ್ತಕವೂ ಕನ್ನಡದಲ್ಲಿದೆ.

ಊರಿನ ದುಡಿಮೆ ಎರಡು ಸಲ ಕುಸಿಯಿತು. 2012ರಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಮತ್ತೆ ಶುರುವಾಗಿ ಉಸಿರಾಡುವಷ್ಟರಲ್ಲಿ, 2018ರಲ್ಲಿ ಸುಪ್ರೀಂ ಕೋರ್ಟು 88 ಗುತ್ತಿಗೆಗಳನ್ನು ರದ್ದು ಮಾಡಿತು. ಬಾರ್ಜು, ಲಾರಿ, ಹಮಾಲಿ, ಲಾರಿಯವರಿಗೆ ಊಟ ಹಾಕುವ ಖಾನಾವಳಿ, ಎಲ್ಲಕ್ಕೂ ಒಟ್ಟಿಗೆ ಪೆಟ್ಟು ಬಿತ್ತು. ಉಳಿದದ್ದು ಕಲ್ಲಿದ್ದಲು. ಹಡಗಿನಿಂದ ಇಳಿದು, ರೈಲು ಹತ್ತಿ, ಘಟ್ಟ ಏರಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆ ಹೋಗುತ್ತದೆ. ಬಳ್ಳಾರಿಯಿಂದ ಕೆಲಸ ಹುಡುಕಿ ಇಲ್ಲಿಗೆ ಬಂದವರ ಅಂಗಿಯ ಮೇಲೆ ಬಳ್ಳಾರಿಗೆ ಹೋಗುವ ಕಲ್ಲಿದ್ದಲಿನ ಮಸಿ ಕೂರುತ್ತದೆ. ಈ ಮಸಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ನಾಡಿದು. ಆದರೂ ಗುಡ್ಡದ ಮೇಲೆ ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲಬೇಕು. ಜಂಬಿಟ್ಟಿಗೆ ಕಲ್ಲಿನ ನೆಲ ನೀರನ್ನು ಹಿಡಿದಿಡುವುದಿಲ್ಲ. ಸಾಳಾವಲಿ ಅಣೆಕಟ್ಟಿನಿಂದ ಬರುವ ನೀರು ಕೊಳವೆಯ ಕೊನೆಗೆ ಬರುವಷ್ಟರಲ್ಲಿ ಬಲ ಕಳೆದುಕೊಂಡಿರುತ್ತದೆ. ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ನಳ ಬಂದಾಗ ಹಿಡಿದಿಟ್ಟದ್ದೇ ನೀರು. ಮನೆಗೆ ಕನಿಷ್ಠ ಎರಡು ಬ್ಯಾರಲ್, 200 ಲೀಟರಿನವು. ಮೊದಲು ಅದರೊಳಗೆ ಯಾವ ಕಾರ್ಖಾನೆಯ ಯಾವ ದ್ರಾವಣ ಇತ್ತೋ, ಕೇಳುವವರಿಲ್ಲ.

ಸಿಮೆಂಟಿನ ತೊಟ್ಟಿ ಯಾಕೆ ಕಟ್ಟಿಸುವುದಿಲ್ಲ ಎಂದು ಶಿಬಿರದಲ್ಲಿ ಒಬ್ಬ ಹುಡುಗ ಕೇಳಿದ್ದ. ಜಾಣ ಪ್ರಶ್ನೆಯೇ. ಆದರೆ ಬಸ್ತಿ ನಿಂತಿರುವುದು ಕೊಮುನಿದಾದ್ ಜಮೀನಿನಲ್ಲಿ, ಅಂದರೆ ಹಳ್ಳಿಯ ಮೂಲ ಒಕ್ಕಲುಗಳ ಹಳೆಯ ಸಂಘಗಳ ಒಡೆತನದ ನೆಲದಲ್ಲಿ. ಮನೆ ನಂಬರು ಸಿಕ್ಕಿರಬಹುದು, ವಿದ್ಯುತ್ತೂ ಬಂದಿರಬಹುದು, ನೆಲ ಮಾತ್ರ ತಮ್ಮದಲ್ಲ. 2004ರ ಜೂನಿನಲ್ಲಿ ಮಳೆಯ ನಡುವೆಯೇ ಬಾಯ್ನಾ ಕಡಲ ದಂಡೆಯ ಗುಡಿಸಲುಗಳನ್ನು ಕೆಡವಿದ್ದನ್ನು ಕಂಡವರು ಇನ್ನೂ ಇಲ್ಲಿದ್ದಾರೆ. ಕೆಡವಿದರೆ ತೊಟ್ಟಿ ಹೋಗುತ್ತದೆ, ಬ್ಯಾರಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಬಹುದು. ಡೆಂಗಿಯ ಮೂಲ ಹುಡುಕುತ್ತ ಹೋದವರು ಪಹಣಿ ಪತ್ರದ ಮುಂದೆ ಬಂದು ನಿಲ್ಲುತ್ತಾರೆ. ಇದು ನನಗೂ ಆಮೇಲೆ ಹೊಳೆದದ್ದು.

ಡಿಸೆಂಬರಿನ ಏಳು ದಿನ

ಎನ್ನೆಸ್ಸೆಸ್ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಜನ್ಮ ಶತಾಬ್ದಿಯ ಹೊತ್ತಿಗೆ, 37 ವಿಶ್ವವಿದ್ಯಾಲಯಗಳಲ್ಲಿ. ಅದನ್ನು ಆರಂಭಿಸಿದ ಕೇಂದ್ರ ಶಿಕ್ಷಣ ಮಂತ್ರಿ ಡಾ. ವಿ.ಕೆ.ಆರ್.ವಿ. ರಾವ್ ಬಳ್ಳಾರಿಯಿಂದಲೇ ಲೋಕಸಭೆಗೆ ಆರಿಸಿ ಹೋದವರು. ನಿಯಮ ಸರಳವಾಗಿದೆ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಒಂದು ಶಿಬಿರ. ನೂರು ಜನರ ಘಟಕವಾದರೆ ಐವತ್ತು ಜನ ಶಿಬಿರಕ್ಕೆ. ಕೊನೆಗೆ ಪ್ರಮಾಣಪತ್ರ. ಗಂಟೆಗಳನ್ನು ಬರೆದಿಡಲು ಡೈರಿ ಇದೆ. ವಿದ್ಯಾರ್ಥಿ ಎಷ್ಟು ಹೊತ್ತು ದುಡಿದ ಅನ್ನುವುದಕ್ಕೆ ಅದರಲ್ಲಿ ಕಾಲಮ್ಮಿದೆ. ಬಸ್ತಿಗೆ ಏನು ದಕ್ಕಿತು ಅನ್ನುವುದಕ್ಕೆ ಇಲ್ಲ.

ಮೊದಲ ದಿನ ಉದ್ಘಾಟನೆ, ಎರಡನೆಯ ದಿನ ಸಮೀಕ್ಷೆ. ಫಾರಂ ಇಂಗ್ಲಿಷಿನಲ್ಲಿತ್ತು, ಕೇಳುವ ಮಕ್ಕಳು ಹೆಚ್ಚಾಗಿ ಕೊಂಕಣಿಯವರು. ಅವರು ಹರಕು ಹಿಂದಿಯಲ್ಲಿ ಕೇಳಿದರು, ನಮ್ಮ ಹೆಣ್ಣುಮಕ್ಕಳು ಎಲ್ಲದಕ್ಕೂ ‘ಹಾಂ’ ಅಂದರು. ಮನೆಯಲ್ಲಿ ನೀರು ಮುಚ್ಚಿಡುತ್ತೀರಾ? ಹಾಂ. ವಾರಕ್ಕೊಮ್ಮೆ ಖಾಲಿ ಮಾಡುತ್ತೀರಾ? ಹಾಂ. ಆ ಹಾಂಗಳನ್ನು ಕೂಡಿಸಿ ನಾವು ಬಣ್ಣದ ಚಕ್ರದ ಚಿತ್ರ ಮಾಡಿ ವರದಿಗೆ ಅಂಟಿಸಿದೆವು. ಕನ್ನಡ ಬಲ್ಲ ನಾನು ಒಂದು ರಾತ್ರಿ ಕೂತು ಫಾರಮ್ಮನ್ನು ಕನ್ನಡಕ್ಕೆ ತಂದುಕೊಂಡಿದ್ದರೆ ಆಗುತ್ತಿತ್ತು. ಕೂರಲಿಲ್ಲ.

ಮೂರನೆಯ ದಿನ ಗಟಾರ ಬಳಿದೆವು. ಮಕ್ಕಳು ನಿಜವಾಗಿ ಬೆವರು ಸುರಿಸಿದರು, ಆ ಮಾತು ಹೇಳಲೇಬೇಕು. ಮೂಗು ಮುಚ್ಚಿಕೊಂಡೇ ಸಲಿಕೆ ಹಿಡಿದರು. ಆದರೆ ಎತ್ತಿದ ಹೂಳನ್ನು ಗಟಾರದ ಅಂಚಿಗೇ ಗುಡ್ಡೆ ಹಾಕಿದೆವು. ಒಣಗಿದ ಮೇಲೆ ಗಾಡಿ ಬಂದು ಒಯ್ಯುತ್ತದೆ ಎಂದು ಯಾರೋ ಹೇಳಿದ್ದರು. ಗಾಡಿ ಬರಲಿಲ್ಲ. ಜೂನಿನ ಮೊದಲ ಮಳೆ ಬಂತು, ಹೂಳು ಗಟಾರಕ್ಕೆ ವಾಪಸಾಯಿತು. ಇನ್ನೊಂದು ವಿಚಾರ: ಗಟಾರದ ಕೊಳಕು ನೀರಿನಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆ. ಡೆಂಗಿ ತರುವ ಈಡಿಸ್‌ಗೆ ಬೇಕಾದದ್ದು ಹೆಚ್ಚಾಗಿ ಮನೆಯೊಳಗೆ, ಮನೆಯ ಸುತ್ತ ನಿಂತ ತಿಳಿನೀರು. ಹಾಗೆ ನೋಡಿದರೆ ನಾವು ಬೆವರು ಸುರಿಸಿದ್ದು ತಪ್ಪು ಜಾಗದಲ್ಲಿ.

ಐದನೆಯ ದಿನದ ಬೀದಿ ನಾಟಕದಲ್ಲಿ ಒಬ್ಬ ಹುಡುಗ ಕಾಗದದ ರೆಕ್ಕೆ ಕಟ್ಟಿಕೊಂಡು ಸೊಳ್ಳೆಯಾಗಿದ್ದ. ಬಸ್ತಿಯ ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ‘ಡ್ರೈ ಡೇ’ ಪಾಠ: ವಾರಕ್ಕೊಂದು ದಿನ ಎಲ್ಲ ಪಾತ್ರೆಯ ನೀರು ಚೆಲ್ಲಿ ಒಣಗಿಸಬೇಕು. ಜ್ಞಾನ ಸರಿಯೇ. ಈಡಿಸ್ ಮೊಟ್ಟೆ ಇಟ್ಟು ಹಾರುವ ಸೊಳ್ಳೆ ಹೊರಬರಲು ಏಳರಿಂದ ಹತ್ತು ದಿನ ಬೇಕು, ನಡುವೆ ಒಮ್ಮೆ ಚೆಲ್ಲಿದರೆ ಸರಪಳಿ ತುಂಡಾಗುತ್ತದೆ. ಮುಂದಿನ ಸಾಲಿನಲ್ಲಿ ಕೂತಿದ್ದ ರೋಣ ಕಡೆಯ ಒಬ್ಬ ಅಜ್ಜಿ ಎದ್ದು ನನ್ನನ್ನೇ ನೋಡಿ ಕೇಳಿದಳು: “ಮಾಸ್ತರ, ನೀರು ಚೆಲ್ಲಂತೀರಿ, ಚೆಲ್ಲಾಕ ಅರ ನೀರು ಎಲ್ಲೈತ್ರೀ?” ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಪ್ರಶ್ನೆ ಅಲ್ಲೇ ಬಿದ್ದುಹೋಯಿತು.

ಆ ಐವತ್ತು ಜನರಲ್ಲಿ ಒಬ್ಬಳು ಏಳೂ ದಿನ ಹಿಂದಿನ ಸಾಲಿನಲ್ಲೇ ಇದ್ದಳು. ಬಿ.ಕಾಂ. ಮೊದಲ ವರ್ಷ, ಹಾಜರಿ ಪುಸ್ತಕದಲ್ಲಿ ವಿಳಾಸ ಬರೀ ‘ವಾಸ್ಕೊ’. ಮನೆಮನೆಗೆ ಹೋಗುವಾಗ ಅವಳು ಒಂದು ಓಣಿಯನ್ನು ಮಾತ್ರ ಬಿಟ್ಟು ಹೋಗುತ್ತಿದ್ದಳು. ಅದು ಅವಳ ಓಣಿ. ಘಟ್ಟದ ಮೇಲಿಂದ ಬಂದವರಿಗೆ ಇಲ್ಲಿ ‘ಘಾಂಟಿ’ ಎಂಬ ಹೆಸರಿದೆ. ಹೇಳುವವರ ಬಾಯಲ್ಲಿ ಅದು ಬರೀ ದಿಕ್ಕು ತೋರಿಸುವ ಪದವಾಗಿ ಇರುವುದಿಲ್ಲ. ಶಿಬಿರದ ಊಟದ ಹೊತ್ತಿನಲ್ಲಿ ಆ ಪದ ಅವಳ ಕಿವಿಗೆ ಎಷ್ಟು ಸಲ ಬಿದ್ದಿತ್ತೋ.

ಅಕ್ಟೋಬರ್

ಜುಲೈಯಲ್ಲಿ ಬ್ಯಾನರು ನೋಡಿ ಬಂದ ಮೇಲೂ ನಾನು ಮಾಡಿದ್ದು ಹೆಚ್ಚೇನಿಲ್ಲ. ಆ ಮನೆಯವರಿಗೆ ಹೇಳಿ ನೀರು ಚೆಲ್ಲಿಸಿದೆ, ಅಷ್ಟೆ. ಆಗಸ್ಟ್ 20ಕ್ಕೆ ವಿಶ್ವ ಸೊಳ್ಳೆ ದಿನದ ಜಾಥಾ ಮಾಡಿದೆವು. ಸೆಪ್ಟೆಂಬರಿನಲ್ಲಿ ಇಂಟರ್ನಲ್ ಪರೀಕ್ಷೆ, ಅಕ್ಟೋಬರಿನಲ್ಲಿ ಸೆಮಿಸ್ಟರ್ ಪರೀಕ್ಷೆ. ಸ್ವಯಂಸೇವಕರು ಯಾರೂ ಕೈಗೆ ಸಿಗುವ ಹೊತ್ತಲ್ಲ.

ಪರೀಕ್ಷೆಯ ನಡುವೆ ಆ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಅವಳ ತಮ್ಮನಿಗೆ ಡೆಂಗಿ, ಬಾಂಬೋಳಿಯ ದೊಡ್ಡಾಸ್ಪತ್ರೆಯಲ್ಲಿ ಆರು ದಿನದಿಂದ ಇದ್ದ. ಮನೆಯಲ್ಲಿ ಪಪ್ಪಾಯಿ ಎಲೆಯ ರಸ ಕುಡಿಸುತ್ತ ಎರಡು ದಿನ ಕಳೆದಿದ್ದರಂತೆ. “ಬಿಳಿ ಕಣ ಇಳದಾವ” ಅಂದಳು. ಪ್ಲೇಟ್‌ಲೆಟ್ ಬೇರೆ, ಬಿಳಿ ರಕ್ತಕಣ ಬೇರೆ, ಆದರೆ ಬಸ್ತಿಯಲ್ಲಿ ಎಲ್ಲರ ಬಾಯಲ್ಲೂ ಬಿಳಿ ಕಣವೇ. ಆಗ ತಿದ್ದಲು ನನಗೆ ಬಾಯಿ ಬರಲಿಲ್ಲ. ಎರಡು ವರ್ಷದಲ್ಲಿ ಅವಳು ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು. ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು:

“ಸರ್, ಗುಂಗಾಡು ಇರೋದು ಈಗ. ಶಿಬಿರ ಡಿಸೆಂಬರದಾಗ ಯಾಕ ಮಾಡ್ತೀರಿ?”

ಗುಂಗಾಡು ಅಂದರೆ ನಮ್ಮ ಕಡೆ ಸೊಳ್ಳೆ. ಉತ್ತರ ಗೊತ್ತಿತ್ತು. ಡಿಸೆಂಬರಿನಲ್ಲಿ ಪರೀಕ್ಷೆ ಮುಗಿದಿರುತ್ತದೆ, ಮಳೆ ಇರುವುದಿಲ್ಲ, ಮಕ್ಕಳನ್ನು ಹೊರಗೆ ಮಲಗಿಸಬಹುದು, ಫೋಟೋ ಚೆನ್ನಾಗಿ ಬರುತ್ತದೆ. ಡೆಂಗಿ ಏರುವುದು ಮಳೆ ಹಿಡಿದ ಮೇಲೆ, ಮಳೆ ಬಿಟ್ಟ ಮೇಲೂ ಒಂದೆರಡು ತಿಂಗಳು ಇರುತ್ತದೆ. ಅದು ಜೂನಿನಿಂದ ನವೆಂಬರಿನವರೆಗೆ. ಕಾಲೇಜಿನಲ್ಲಿ ಅದೇ ಪ್ರವೇಶ, ಪಾಠ, ಪರೀಕ್ಷೆಯ ಕಾಲ. ರಾಷ್ಟ್ರೀಯ ಡೆಂಗಿ ದಿನ ಮೇ 16, ಆಗ ಕಾಲೇಜಿಗೆ ಬೀಗ. ಬಸ್ತಿಯ ಅರ್ಧ ಜನವೂ ಮೇ ತಿಂಗಳಲ್ಲಿ ಮದುವೆ, ಜಾತ್ರೆ ಎಂದು ಊರಿಗೆ ಹೋಗಿರುತ್ತಾರೆ. ಹೋಗುವ ಮುಂಚೆ ಬ್ಯಾರಲ್ ಬರಿದು ಮಾಡಿ ಬೋರಲು ಹಾಕುವವರು ಕಡಿಮೆ.

ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದೇ. ನಮ್ಮ ಮಕ್ಕಳಿಗೆ ಮನಸ್ಸಿರಲಿಲ್ಲ ಅಂತಲ್ಲ, ಬಸ್ತಿಯವರಿಗೆ ತಿಳುವಳಿಕೆ ಇರಲಿಲ್ಲ ಅಂತಲೂ ಅಲ್ಲ. ಇಬ್ಬರೂ ಬೇರೆ ಬೇರೆ ಕ್ಯಾಲೆಂಡರು ನೋಡಿಕೊಂಡು ಬದುಕುತ್ತಿದ್ದರು. ಸೊಳ್ಳೆಯದು ಮೂರನೆಯದು.

ಎರಡನೆಯ ಸುತ್ತು

ಮುಂದಿನ ಜೂನಿಗೆ ಐವತ್ತು ಜನರನ್ನು ಕರೆಯಲಿಲ್ಲ. ಎಂಟು ಮಂದಿ ಸಾಕೆಂದೆ. ಕನ್ನಡ ಬರುವವರಿಗೆ ಮೊದಲ ಆದ್ಯತೆ, ಬಸ್ತಿಯ ಹತ್ತಿರ ಮನೆ ಇರುವವರಿಗೆ ಎರಡನೆಯದು. ಆ ಹುಡುಗಿಯ ಎನ್ನೆಸ್ಸೆಸ್ ಅವಧಿ ಮುಗಿದಿತ್ತು. ಅವಳ ಗಂಟೆಗಳನ್ನು ಬರೆಯಲು ಯಾವ ಡೈರಿಯೂ ಇರಲಿಲ್ಲ. ಆದರೂ ಬಂದಳು. ಈ ಸಲ ತನ್ನ ಓಣಿಯಿಂದಲೇ ಶುರು ಮಾಡಿದಳು. ಮೊದಲ ಸಂಜೆ ಫಾರಂ ತೆಗೆದುಕೊಂಡು ಹೋಗಲಿಲ್ಲ. ಆ ಅಜ್ಜಿಯ ಕಟ್ಟೆಯ ಮೇಲೆ ಕೂತು ನೀರಿನ ಕಥೆ ಕೇಳಿದೆವು.

ಕೇಳಿದಷ್ಟೂ ಬಿಚ್ಚಿಕೊಂಡಿತು. ಎಲ್ಲ ಬ್ಯಾರಲ್ಲೂ ಅಪಾಯವಲ್ಲ. ದಿನ ಬಳಸುವ ಬ್ಯಾರಲ್ ಎರಡು ದಿನಕ್ಕೇ ತಳ ಕಾಣುತ್ತದೆ. ಹುಳ ಬೆಳೆಯುವುದು ಕಾಪಿಟ್ಟ ಬ್ಯಾರಲ್ಲಿನಲ್ಲಿ. ನೀರು ಬರದೇ ಹೋದರೆ ಎಂದು ಹಿಂದಿನ ಮೂಲೆಯಲ್ಲಿ ಮುಟ್ಟದೆ ಇಟ್ಟ ನೀರು ಅದು. ವಾರ ಕಳೆದರೂ, ಹದಿನೈದು ದಿನ ಕಳೆದರೂ ಹಾಗೇ ಇರುತ್ತದೆ. ಅದನ್ನು ಚೆಲ್ಲಿ ಎಂದರೆ ಯಾರು ಕೇಳುತ್ತಾರೆ? ಬ್ಯಾಂಕಿನ ಠೇವಣಿ ಸುಡು ಅಂದ ಹಾಗೆ.

ಇದಕ್ಕೆ ದಾರಿ ತೋರಿಸಿದ್ದು ಖಾನಾವಳಿ ನಡೆಸುವ ಒಬ್ಬ ಅಕ್ಕ. “ಹಳೇ ಜ್ವಾಳ ಮದ್ಲ ಬೀಸಸ್ತೀವಲ್ರೀ, ಹಂಗ ಹಳೇ ನೀರು ಮದ್ಲ ಖರ್ಚು ಮಾಡೂದು. ಹೊಸಾ ನೀರು ಕಾಪಿಡೂದು.” ಇಷ್ಟೇ. ನೀರು ಚೆಲ್ಲುವ ಮಾತೇ ಇಲ್ಲ, ಎರಡು ಬ್ಯಾರಲ್‌ಗಳ ಪಾಳಿ ಬದಲಾಯಿತು, ಯಾವ ನೀರೂ ವಾರದ ಮೇಲೆ ನಿಲ್ಲುವುದಿಲ್ಲ. ಈ ಮಾತು ಸರಕಾರದ ಯಾವ ಕರಪತ್ರದಲ್ಲೂ ನಾನು ಓದಿರಲಿಲ್ಲ.

ಇನ್ನೊಂದು ಕೆಲಸ ತಿಕ್ಕುವುದು. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ. ನೀರು ಆರಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತಾಗಿದರೆ ಮರಿ ಒಡೆಯುತ್ತದೆ. ಆದ್ದರಿಂದ ಬರಿದು ಮಾಡಿದರೆ ಸಾಲದು, ಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ಯಾವಾಗ? ಬ್ಯಾರಲ್ ಬಹುತೇಕ ಖಾಲಿ ಇರುವ ಹೊತ್ತಿಗೆ, ಅಂದರೆ ನಳ ಬರುವ ಹಿಂದಿನ ಸಂಜೆ. ಭಾನುವಾರದ ಡ್ರೈ ಡೇ ಕೈಬಿಟ್ಟು ನೀರಿನ ಪಾಳಿಗೆ ನಮ್ಮ ಪಾಳಿ ಹೊಂದಿಸಿದೆವು. ವಾರಕ್ಕೊಂದು ಸಂಜೆ, ಎರಡು ಗಂಟೆ. ಎಂಟು ಮಂದಿ ನಾಲ್ಕು ಜೋಡಿಯಾಗಿ ಓಣಿ ಹಂಚಿಕೊಂಡು ಟಾರ್ಚು ಹಿಡಿದು ಬ್ಯಾರಲ್ ನೋಡುವುದು, ಕೈಲಾಗದ ಮುದುಕರ ಮನೆಯಲ್ಲಿ ತಾವೇ ತಿಕ್ಕುವುದು. ಭಾಷಣ ಇಲ್ಲ.

ಮುಚ್ಚಳದ ಕಥೆ ಬೇರೆ. ಫ್ಲೆಕ್ಸು, ತಾಡಪಾಲು ಹಾಸಿದರೆ ಮೇಲೆ ನೀರು ನಿಂತು ಅದೇ ಹೊಸ ತೊಟ್ಟಿಯಾಗುತ್ತದೆ ಎನ್ನುವುದನ್ನು ನಮ್ಮ ಬ್ಯಾನರೇ ತೋರಿಸಿತ್ತು. ಬಟ್ಟೆಯಾದರೆ ನೀರು ಸೋಸಿ ಕೆಳಗಿಳಿಯುತ್ತದೆ. ಹಳೇ ಪಂಚೆ, ಕಾಟನ್ ಸೀರೆಯ ತುಂಡಿಗೆ ಸುತ್ತ ಇಲಾಸ್ಟಿಕ್ ಹಾಕಿ ಟೋಪಿಯ ಹಾಗೆ ಹೊಲಿದರೆ ಬ್ಯಾರಲ್ಲಿನ ಬಾಯಿಗೆ ಕೂರುತ್ತದೆ. ಬಸ್ತಿಯ ಹೊಲಿಗೆಯ ಅಕ್ಕ ಒಂದು ಮಾದರಿ ಹೊಲಿದುಕೊಟ್ಟಳು. ಸೊಳ್ಳೆಯ ಹೆಸರು ಹೇಳಿ ಹಂಚಲು ಹೋದರೆ ಯಾರೂ ಅಷ್ಟಾಗಿ ಕೇಳಲಿಲ್ಲ. “ಕಚ್ಚಿದ್ರ ಕಚ್ಚತಾವ ಬಿಡ್ರಿ, ಎಲ್ಲಾರ್ಗೂ ಕಚ್ಚತಾವ.” ಒಂದು ದಿನ ಅದೇ ಅಕ್ಕ ತನ್ನ ಬ್ಯಾರಲ್ಲಿನ ಟೋಪಿ ತೆಗೆದು ಪಕ್ಕದ ಮನೆಯವಳಿಗೆ ತೋರಿಸಿದಳು. ನಾಲ್ಕು ದಿನದಲ್ಲಿ ಬಿಳಿ ಪಂಚೆಯ ಮೇಲೆ ಕಪ್ಪು ಪದರ ಕೂತಿತ್ತು, ಕಲ್ಲಿದ್ದಲಿನ ಮಸಿ. “ನೋಡ, ಇದನ್ನ ಕುಡೀತಿದ್ವಿ ನಾವು” ಅಂದಳು. ಆ ತಿಂಗಳು ಅವಳ ಮಷೀನಿಗೆ ಪುರಸೊತ್ತು ಸಿಗಲಿಲ್ಲ. ನಳದ ಪೈಪನ್ನು ಬಟ್ಟೆಯ ಮೇಲೇ ಬಿಟ್ಟರೆ ತುಕ್ಕು, ಮಣ್ಣೂ ಸೋಸುತ್ತದೆ ಎಂದು ಇನ್ನೊಬ್ಬರು ಕಂಡುಕೊಂಡರು. ಡೆಂಗಿಗೆ ಹೆದರಿ ಟೋಪಿ ಹಾಕಿದವರು ಕಡಿಮೆ, ಮಸಿಗೆ ಹೇಸಿ ಹಾಕಿದವರೇ ಹೆಚ್ಚು. ನನಗೇನು, ಬಾಯಿ ಮುಚ್ಚಿದರೆ ಸಾಕಿತ್ತು.

ಒಂದು ತೊಡಕೂ ಇದೆ. ಬಟ್ಟೆ ಸಡಿಲಾಗಿ ನೀರಿಗೆ ತಾಗಿದರೆ ಸೊಳ್ಳೆ ಆ ಒದ್ದೆ ಬಟ್ಟೆಯ ಮೇಲೇ ಮೊಟ್ಟೆ ಇಡಬಹುದು. ಎರಡು ವಾರಕ್ಕೊಮ್ಮೆ ಒಗೆದು, ಇಲಾಸ್ಟಿಕ್ ಬಿಗಿ ಇದೆಯೇ ನೋಡಬೇಕು.

ಅಕ್ಟೋಬರಿನಲ್ಲಿ ಎಂಟೂ ಮಂದಿ ಪರೀಕ್ಷೆಗೆ ಹೋದರು. ಇದನ್ನು ಮೊದಲೇ ಎಣಿಸಿ ಬಸ್ತಿಯ ಹೈಸ್ಕೂಲು ಹುಡುಗಿಯರು ಮತ್ತು ಐಟಿಐ ಓದುವ ಇಬ್ಬರು ಹುಡುಗರನ್ನು ಆಗಸ್ಟಿನಿಂದಲೇ ಜೊತೆಗೆ ಸೇರಿಸಿಕೊಂಡಿದ್ದೆವು. ಐದು ವಾರ ಟಾರ್ಚು ಅವರ ಕೈಯಲ್ಲಿತ್ತು. ಒಂದು ವಾರ ತಪ್ಪಿತು, ಅದು ದೀಪಾವಳಿ.

ಕೈಗೂಡದ್ದು

ಬಾಡಿಗೆ ಚಾಳುಗಳ ಮೇಲಿನ ಸಿಂಟೆಕ್ಸಿಗೆ ಮಾಲೀಕರು ಬೀಗ ಹಾಕಿದ್ದರು, ಕೀಲಿ ಕೊಡಲಿಲ್ಲ. ದಸರೆಯ ಮೇಲೆ ಯಾದಗಿರಿ ಕಡೆಯಿಂದ ಬಂದ ಹೊಸ ಕಟ್ಟಡ ಕೂಲಿಗಳ ಗುಂಪಿಗೆ ಇದಾವುದೂ ಗೊತ್ತಿರಲಿಲ್ಲ. ಗೋವಾದಲ್ಲಿ ಕಟ್ಟಡ ಕೂಲಿಗೆ ಆರೋಗ್ಯ ಕಾರ್ಡು ಮಾಡಿಸಿ ಮಲೇರಿಯಾ ರಕ್ತಪರೀಕ್ಷೆ ಮಾಡುವ ಪದ್ಧತಿಯಿದೆ, ಆದರೆ ಆ ಕಾರ್ಡು ಬ್ಯಾರಲ್ ತಿಕ್ಕುವುದಿಲ್ಲ. ಟಯರು ಅಂಗಡಿಯ ಹಿತ್ತಲು ಇನ್ನೂ ಹಾಗೇ ಇದೆ. ಎಂಟು ಜನರಲ್ಲಿ ಒಬ್ಬ ಮೂರನೆಯ ವಾರಕ್ಕೇ ಬಿಟ್ಟ. ಸಂಜೆ ಹೊತ್ತು ಆ ಬಸ್ತಿಗೆ ಹೋಗುವುದು ಬೇಡ ಎಂದು ಅವನ ತಾಯಿ ನನಗೇ ಫೋನು ಮಾಡಿ ಹೇಳಿದರು.

ಜ್ವರ ಕಡಿಮೆಯಾಯಿತೇ ಎಂದು ಪ್ರಾಂಶುಪಾಲರು ಕೇಳಿದರು. ಡೆಂಗಿ ಒಂದು ವರ್ಷ ಏರುತ್ತದೆ, ಒಂದು ವರ್ಷ ತಾನೇ ಇಳಿಯುತ್ತದೆ. ಒಂದು ಬಸ್ತಿಯ ಒಂದು ಮಳೆಗಾಲ ನೋಡಿ ನಮ್ಮ ಬೆನ್ನು ನಾವೇ ತಟ್ಟಿಕೊಳ್ಳಲು ಬರುವುದಿಲ್ಲ ಎಂದೆ. ಹುಳವಿದ್ದ ಬ್ಯಾರಲ್‌ಗಳು ಜುಲೈಗಿಂತ ಸೆಪ್ಟೆಂಬರಿನಲ್ಲಿ ಕಡಿಮೆ ಸಿಕ್ಕವು, ಅದನ್ನು ಮಾತ್ರ ಹೇಳಬಲ್ಲೆ. ಅವರಿಗೆ ಇಷ್ಟು ಸಾಲಲಿಲ್ಲ. ವರದಿಯಲ್ಲಿ ಫಲಾನುಭವಿಗಳ ಸಂಖ್ಯೆ ಎಂಬ ಕಾಲಮ್ಮಿಗೆ ಏನೋ ಒಂದು ಅಂಕಿ ಬೇಕಿತ್ತು. ಬ್ಯಾರಲ್‌ಗಳ ಸಂಖ್ಯೆ ಬರೆದು ಕೊಟ್ಟೆ.

ಡಿಸೆಂಬರಿನ ಶಿಬಿರವೂ ನಡೆಯಿತು, ನಡೆಯಲೇಬೇಕಲ್ಲ. ಉದ್ಘಾಟನೆ, ಅತಿಥಿ, ಶಾಲು ಎಲ್ಲ ಇದ್ದವು. ಬ್ಯಾನರನ್ನು ಮಾತ್ರ ಬಟ್ಟೆಯಲ್ಲಿ ಬರೆಸಿದೆ. ಶಿಬಿರ ಮುಗಿದ ದಿನ ಹೊಲಿಗೆಯ ಅಕ್ಕ ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, “ಇದರಾಗ ಆರು ಟೊಪ್ಪಗಿ ಆಗತಾವ ಸರ” ಅಂದಳು.

ಆ ಹುಡುಗಿ ಈಗ ಮಡಗಾಂವಿನಲ್ಲಿ ಕೆಲಸಕ್ಕಿದ್ದಾಳೆ, ಬೆಳಿಗ್ಗೆ ಬಸ್ಸಿಗೆ ಹೋಗಿ ರಾತ್ರಿ ಬರುತ್ತಾಳೆ. ಕಳೆದ ವಾರ ಫೋನು ಮಾಡಿದ್ದಳು. ನಳದ ಪಾಳಿ ಬದಲಾಗಿದೆಯಂತೆ, ನೀರು ಈಗ ನಡುರಾತ್ರಿ ಎರಡಕ್ಕೆ ಬರುತ್ತದೆ, ದಿನವೂ ಬೇರೆ. ಹೊಸ ತಂಡದ ಮಕ್ಕಳನ್ನು ಕೂರಿಸಿಕೊಂಡು ಸಂಜೆಗಳನ್ನು ಮತ್ತೆ ಹಂಚಬೇಕು. ಜೂನಿಗೆ ಇನ್ನು ಐದು ವಾರವಿದೆ, ಕಾಲೇಜು ತೆರೆಯಲು ಏಳು.